ಗೋಡೆಯ ಬಣ್ಣ, ಗೋಬಿಯ ಬಣ್ಣ

ಇತಿಹಾಸವನ್ನು ಓದಬಹುದು, ಬರೆಯಬಹುದು, ಬೇಕಾದವರು ತಿರುಚಲೂಬಹುದು ಎಂದು ನನಗೆ ಗೊತ್ತಿತ್ತು. ಅದನ್ನು ಎಣ್ಣೆಯಲ್ಲಿ ಕರಿದು ಪ್ಲೇಟಿಗೆ ಇಷ್ಟೆಂದು ಮಾರಲೂಬಹುದು ಎಂಬುದು ಗೊತ್ತಾದದ್ದು ಬೆಂಗಳೂರಿನಲ್ಲಿ.

ಗದಗಿನಿಂದ ರಾತ್ರಿಯ ಗಾಡಿ ಹತ್ತಿ ನಾನು ಅಲ್ಲಿಗೆ ಹೋದದ್ದು ಬೇರೆ ಕೆಲಸಕ್ಕೆ. ಕೆಲಸ ಮುಗಿದ ಸಂಜೆ ತಂಗಿಯ ಮಗ ಬಂದು, ‘ಮಾಮಾ, ದಿನಾ ರೊಟ್ಟಿ ತಿಂದು ಬ್ಯಾಸರಾಗಿಲ್ಲೇನು? ಇವತ್ತ ನಿಮ್ಮನ್ನ ಚೀನಾದ ಅರಮನಿಗೆ ಕರಕೊಂಡು ಹೋಗ್ತೀನಿ’ ಎಂದ. ರೊಟ್ಟಿಯಿಂದ ಬೇಸರವಾಗುವುದು ಹೇಗೆಂದು ನನಗೆ ತಿಳಿಯದು. ಆದರೆ ಹುಡುಗನಿಗೆ ಹೊಸ ನೌಕರಿ, ಮೊದಲ ಪಗಾರದ ಹುಮ್ಮಸ್ಸು. ಹೋದೆ.

ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ, ಅವುಗಳ ಮೇಲೆ ಬೆಂಕಿ ಉಗುಳುವ ಹಾವಿನಂಥ ಪ್ರಾಣಿ, ತಲೆಗೆ ತಾಗುವಂತೆ ಕೆಂಪು ಕಾಗದದ ದೀಪಗಳು. ಒಳಗೆ ಗೋಡೆಯುದ್ದಕ್ಕೂ ಆಳೆತ್ತರದ ಮಣ್ಣಿನ ಸೈನಿಕರು ಸಾಲಾಗಿ ನಿಂತಿದ್ದರು. ಬಡಿಸುವ ಹುಡುಗರಿಗೆ ಮೊಳಕಾಲ ಕೆಳಗಿನವರೆಗೆ ರೇಷ್ಮೆಯ ನಿಲುವಂಗಿ, ತಲೆಗೆ ದುಂಡನೆಯ ಟೊಪ್ಪಿಗೆ. ತಿಂಡಿಗಳ ಪಟ್ಟಿಯನ್ನು ಹಳೆಯ ಫರ್ಮಾನಿನಂತೆ ಸುರುಳಿ ಸುತ್ತಿ ಕೊಟ್ಟರು. ಬಿಚ್ಚಿದರೆ ಊಟಕ್ಕಿಂತ ಮೊದಲು ಇತಿಹಾಸ. ಮುನ್ನೂರೈವತ್ತು ವರ್ಷಗಳ ಹಿಂದೆ ಮಂಚೂ ಚಕ್ರವರ್ತಿಯ ಪಾಕಶಾಲೆಯಲ್ಲಿ ಹುಟ್ಟಿದ ಗುಟ್ಟಿನ ಪಾಕವೊಂದು ಇಂದು ನಿಮ್ಮ ತಟ್ಟೆಗೆ ಬರುತ್ತಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಆ ಗುಟ್ಟಿನ ಪಾಕದ ಹೆಸರು ಗೋಬಿ ಮಂಚೂರಿ. ಬೆಲೆ ೪೨೦ ರೂಪಾಯಿ. ಈ ಅಂಕಿಯನ್ನು ನಾನು ಕಟ್ಟಿ ಹೇಳುತ್ತಿಲ್ಲ. ಮೋಸಕ್ಕೆ ಸಂಬಂಧಿಸಿದ ಆ ಕಲಮು ೨೦೨೪ರ ಹೊಸ ಕಾನೂನಿನಲ್ಲಿ ಬೇರೆ ಅಂಕಿಗೆ ಹೋಗಿದೆ. ಹೋಟೆಲಿನವರಿಗೆ ಸುದ್ದಿ ಮುಟ್ಟಿರಲಿಲ್ಲವೆಂದು ಕಾಣುತ್ತದೆ.

ನಾನು ಚೀನೀ ತಿಂಡಿಯ ವೈರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಗದಗ–ಬೆಟಗೇರಿಯಲ್ಲಿ ಸಂಜೆ ತಿರುಗಾಡುವವನಿಗೆ ಗೋಬಿಯ ವಾಸನೆ ತಪ್ಪಿಸಿ ಮನೆ ಸೇರುವುದು ಸಾಧ್ಯವಿಲ್ಲ, ನಾನು ತಪ್ಪಿಸಿಯೂ ಇಲ್ಲ. ಮಿರ್ಚಿ ಗಾಡಿಯ ಮಗ್ಗುಲಲ್ಲಿಯೇ ಗೋಬಿ ಗಾಡಿ. ಎರಡಕ್ಕೂ ಗಿರಾಕಿ ಇದ್ದಾರೆ. ನನ್ನ ತಂಟೆ ತಿಂಡಿಯ ಮೇಲಲ್ಲ, ಗೋಡೆಯ ಮೇಲೆ.

ಆ ಮಣ್ಣಿನ ಸೈನಿಕರನ್ನೇ ನೋಡಿ. ೧೯೭೪ರಲ್ಲಿ ಚೀನದ ಶಿಆನ್ ಪಟ್ಟಣದ ಹತ್ತಿರ ರೈತರು ಬಾವಿ ತೋಡುತ್ತಿದ್ದಾಗ ಅವರು ನೆಲದೊಳಗೆ ಸಿಕ್ಕರು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಸತ್ತ ಮೊದಲ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂಳಿದ ಸೈನ್ಯ ಅದು. ಅಂದರೆ ನಾವು ಅಂದು ಊಟಕ್ಕೆ ಕುಳಿತದ್ದು ಒಂದು ಮಸಣದ ಕಾವಲುಗಾರರ ನಡುವೆ. ನಮ್ಮ ಬೆಟಗೇರಿಯಲ್ಲಿ ಸಾಲಾಗಿ ವೀರಗಲ್ಲುಗಳಿವೆ; ಊರಿಗಾಗಿ, ದನಕ್ಕಾಗಿ, ಒಡೆಯನಿಗಾಗಿ ಸತ್ತವರ ಕಲ್ಲುಗಳು ಅವು. ನಾಳೆ ಯಾವುದೋ ದೇಶದಲ್ಲಿ ಯಾವನೋ ಒಬ್ಬ ‘ಕರ್ನಾಟಕ ಊಟ’ದ ಹೋಟೆಲು ತೆಗೆದು, ಆ ಕಲ್ಲುಗಳ ನಕಲು ಮಾಡಿಸಿ, ಕೈ ತೊಳೆಯುವ ತೊಟ್ಟಿಯ ಮೇಲೆ ಸಾಲಾಗಿ ನಿಲ್ಲಿಸಿದರೆ ನಮಗೆ ಹೇಗೆ ಅನಿಸೀತು? ಚೆಂದ ಕಂಡೀತು, ನಿಜ. ಚೆಂದ ಕಾಣುತ್ತದೆಂದು ಸತ್ತವರನ್ನು ಗೋಡೆಗೆ ಅಂಟಿಸಬಹುದೆ?

ಸತ್ತವರ ಮಾತು ಬಿಡೋಣ. ಬದುಕಿದ್ದವರನ್ನೂ ಅಲ್ಲಿ ಗೋಡೆಗೆ ಅಂಟಿಸಿದ್ದರು. ನಮಗೆ ಬಡಿಸಲು ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಪಕ್ಕದ ಮೇಜಿನ ಹೆಂಗಸು ಅವನನ್ನು, ‘ನಿಮ್ಮ ಚೀನಾದಲ್ಲಿಯೂ ಇದೇ ರುಚಿ ಇರುತ್ತದೇನು?’ ಎಂದು ಕೇಳಿದಳು. ಅವನು ನಕ್ಕು ತಲೆಯಾಡಿಸಿದ. ನಮ್ಮ ಮೇಜಿಗೆ ಬಂದಾಗ ನಾನು ಊರು ಯಾವುದಪಾ ಎಂದೆ. ‘ಮಣಿಪುರ, ಸರ್’ ಎಂದು ಕನ್ನಡದಲ್ಲಿಯೇ ಹೇಳಿದ. ಆಮೇಲೆ ಒಂದು ಗಳಿಗೆ ತಡೆದು, ಸ್ವಲ್ಪ ಕೆಳದನಿಯಲ್ಲಿ, ‘ಇಂಡಿಯಾ’ ಎಂದ. ತಪಾಸಣೆಯವನ ಮುಂದೆ ಗುರುತಿನ ಚೀಟಿ ಹಿಡಿದಂತಿತ್ತು ಆ ಮಾತು. ದಿನಕ್ಕೆ ಎಷ್ಟು ಸಲ ಹಿಡಿಯುತ್ತಾನೋ.

ಅವನ ಮುಖವನ್ನು ಆ ಹೋಟೆಲು ಸಂಬಳಕ್ಕೆ ತೆಗೆದುಕೊಂಡಿದೆ. ಕೈಗೆ ಕೊಡುವ ಸಂಬಳ ಬೇರೆ, ಮುಖಕ್ಕೆ ಕೊಡುವ ಸಂಬಳ ಬೇರೆ. ಇದೇ ಬೆಂಗಳೂರಿನಿಂದ ೨೦೧೨ರ ಆಗಸ್ಟಿನಲ್ಲಿ, ಬರಿ ಗಾಳಿಮಾತಿಗೆ ಹೆದರಿ, ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ೨೦೨೦ರಲ್ಲಿ ಕೊರೋನಾ ಬಂದಾಗ ದೇಶದ ಎಷ್ಟೋ ಊರುಗಳಲ್ಲಿ ಇವರನ್ನು ರೋಗದ ಹೆಸರಿನಿಂದಲೇ ಕೂಗಿದರು. ಹೊರಗೆ ಬೀದಿಯಲ್ಲಿ ‘ಚೀನಾದವ’ ಎಂದು ಅನ್ನಿಸಿಕೊಂಡರೆ ಬೈಗುಳ, ಒಳಗೆ ಹೋಟೆಲಿನಲ್ಲಿ ಅನ್ನಿಸಿಕೊಂಡರೆ ನೌಕರಿ. ಇದು ಅಲಂಕಾರವೆಂದು ಹೇಳುವವರ ಜತೆ ನನಗೆ ಮಾತಿಲ್ಲ.

ಇನ್ನು ಆ ಸುರುಳಿಯಲ್ಲಿ ಬರೆದ ಇತಿಹಾಸ. ಮಂಚೂಗಳು ೧೬೪೪ರಿಂದ ೧೯೧೨ರವರೆಗೆ ಚೀನವನ್ನು ಆಳಿದ್ದು ನಿಜ. ಅವರ ಮೂಲ ನಾಡು ಮಂಚೂರಿಯ ಎಂಬುದೂ ನಿಜ. ಅಲ್ಲಿಗೆ ನಿಜ ಮುಗಿಯಿತು. ನಾವು ತಿನ್ನುವ ಮಂಚೂರಿ ಹುಟ್ಟಿದ್ದು ಮುಂಬಯಿಯಲ್ಲಿ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ೧೯೭೫ರಲ್ಲಿ ಅಲ್ಲಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿದ್ದರು. ಹೊಸದೇನಾದರೂ ಮಾಡಿಕೊಡಿ ಎಂದು ಗಿರಾಕಿಯೊಬ್ಬರು ಕೇಳಿದಾಗ, ಬೆಳ್ಳುಳ್ಳಿ, ಹಸಿಶುಂಠಿ, ಹಸಿಮೆಣಸಿನಕಾಯಿ ಹೆಚ್ಚಿ ಒಗ್ಗರಿಸಿ, ಮಸಾಲೆಪುಡಿ ಹಾಕುವ ಜಾಗದಲ್ಲಿ ಸೋಯಾ ಸಾಸು ಹಾಕಿ, ಜೋಳದ ಹಿಟ್ಟಿನಲ್ಲಿ ಕರಿದ ಕೋಳಿಯ ತುಣುಕುಗಳನ್ನು ಅದರಲ್ಲಿ ಹೊರಳಿಸಿದರಂತೆ. ಹೆಸರು ಬೇಕಿತ್ತು, ಮಂಚೂರಿಯನ್ ಎಂದರು. ಇದು ಅವರೇ ಹೇಳಿಕೊಂಡು ಬಂದ ಕಥೆ. ಕೋಳಿಯ ಜಾಗದಲ್ಲಿ ಹೂಕೋಸು ಬಂದದ್ದು ಆಮೇಲಿನ ಮಾತು, ಅದು ನಮ್ಮಂಥ ಶಾಕಾಹಾರಿಗಳ ಪುಣ್ಯ.

ಆ ಹೂಕೋಸಾದರೂ ಎಲ್ಲಿಯದು? ೧೮೨೨ರಲ್ಲಿ ಇಂಗ್ಲೆಂಡಿನಿಂದ ಬೀಜವಾಗಿ ಬಂದು ಉತ್ತರದ ಸಹರಾನಪುರದ ಕಂಪನಿ ತೋಟದಲ್ಲಿ ಬೇರು ಬಿಟ್ಟದ್ದು. ಗೋವಿನಜೋಳ ಅಮೆರಿಕಾ ಖಂಡದ್ದು. ಮೆಣಸಿನಕಾಯಿಯೂ ಅಲ್ಲಿಯದೇ, ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಚಿಟಿಕೆ ಅಜಿನೊಮೊಟೊ ೧೯೦೮ರಲ್ಲಿ ಜಪಾನಿನ ವಿಜ್ಞಾನಿಯೊಬ್ಬ ಕಂಡುಹಿಡಿದದ್ದು. ಹೀಗೆ ನಾಲ್ಕು ಸಮುದ್ರ ದಾಟಿ ಬಂದ ಸಾಮಾನುಗಳನ್ನು ಕೂಡಿಸಿ ಕಲಕತ್ತೆಯ ಮಗನೊಬ್ಬ ಮುಂಬಯಿಯಲ್ಲಿ ಹಾಕಿದ ಪಾಕ, ಗದಗಿನ ಗಾಡಿಯ ಮೇಲೆ ಸಂಜೆ ಆರಕ್ಕೆ ಬಿಸಿಯಾಗುತ್ತದೆ. ಯಾವ ಚಕ್ರವರ್ತಿಯ ಕಥೆಗಿಂತ ಇದು ಕಡಿಮೆ? ಇಷ್ಟು ದೊಡ್ಡ ನಿಜ ಕೈಯಲ್ಲಿರುವಾಗ ಸಣ್ಣ ಸುಳ್ಳಿಗೆ ೪೨೦ ರೂಪಾಯಿ ಏಕೆ ಕೊಡಬೇಕು?

ಏಕೆಂದರೆ ನಿಜವನ್ನು ಗೋಡೆಗೆ ಹಾಕಿದರೆ ಊಟ ರುಚಿಸಲಿಕ್ಕಿಲ್ಲ. ಅದನ್ನೂ ಹೇಳುತ್ತೇನೆ.

೧೭೮೦ರ ಸುಮಾರಿಗೆ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಕಲಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಗೆ ಬಂದ. ವಾರನ್ ಹೇಸ್ಟಿಂಗ್ಸ್ ಅವನಿಗೆ ಭೂಮಿ ಕೊಟ್ಟ. ಕಬ್ಬು ಬೆಳೆಸಿ ಸಕ್ಕರೆಯ ಗಾಣ ಹಾಕಿದ. ಆ ಜಾಗಕ್ಕೆ ಇಂದಿಗೂ ಅವನದೇ ಹೆಸರು, ಅಚಿಪುರ. ಅವನ ಬೆನ್ನಿಗೆ ಬಂದವರು ಕಲಕತ್ತೆಯಲ್ಲಿ ಬಡಗಿಗಳಾದರು, ಹಲ್ಲಿನ ವೈದ್ಯರಾದರು, ಚಪ್ಪಲಿ ಹೊಲಿದರು. ಟಾಂಗ್ರಾ ಎಂಬ ಕೇರಿಯಲ್ಲಿ ಹಕ್ಕಾ ಜನ ತೊಗಲು ಹದ ಮಾಡುವ ಕಾರ್ಖಾನೆಗಳನ್ನು ಹಾಕಿಕೊಂಡರು. ಮೇಲುಜಾತಿಯವರು ಮೂಗು ಮುಚ್ಚಿಕೊಳ್ಳುವ ಕೆಲಸ ಅದು. ನಮ್ಮ ತಿಂಡಿಗಾಡಿಗಳ ಮೇಲೆ ‘ಹಕ್ಕಾ ನೂಡಲ್ಸ್’ ಎಂದು ಬರೆದಿರುತ್ತದಲ್ಲ, ಹಕ್ಕಾ ಎಂದರೆ ಮಸಾಲೆಯ ಹೆಸರಲ್ಲ, ಅದು ಈ ಜನರ ಹೆಸರು.

೧೯೬೨ರಲ್ಲಿ ಚೀನದೊಡನೆ ಯುದ್ಧವಾಯಿತು. ಆ ನವೆಂಬರಿನಿಂದ ನಮ್ಮ ಸರಕಾರ ಚೀನೀ ಮೂಲದ ಸುಮಾರು ೩೦೦೦ ಜನರನ್ನು ಮನೆಗಳಿಂದ ಎಬ್ಬಿಸಿ ರಾಜಸ್ಥಾನದ ದೇವಲಿಯ ಬಿಡಾರದಲ್ಲಿ ಕೂಡಿಹಾಕಿತು. ಇಲ್ಲಿಯೇ ಹುಟ್ಟಿದವರು, ಚೀನವನ್ನು ಕಣ್ಣಿನಿಂದ ನೋಡದವರು, ಮುದುಕರು, ಮಕ್ಕಳು, ಬಸುರಿಯರು. ಒಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಕೆಲವರು ೧೯೬೭ರವರೆಗೂ ಅಲ್ಲಿಯೇ ಇದ್ದರು. ಬಿಡುಗಡೆಯಾಗಿ ಹಿಂದಿರುಗಿದಾಗ ಎಷ್ಟೋ ಜನರಿಗೆ ಮನೆ ಇರಲಿಲ್ಲ, ಅಂಗಡಿ ಇರಲಿಲ್ಲ. ಅನೇಕರು ದೇಶವನ್ನೇ ಬಿಟ್ಟರು. ಆ ಬಿಡಾರದಲ್ಲಿಯೇ ಹುಟ್ಟಿದ ಜಾಯ್ ಮಾ ಎಂಬ ಮಹಿಳೆ ದಿಲೀಪ್ ಡಿಸೋಜಾ ಅವರ ಜತೆ ಸೇರಿ ೨೦೨೦ರಲ್ಲಿ ಇದನ್ನು ಪುಸ್ತಕವಾಗಿ ಬರೆದರು. ಉಳಿದವರ ಪೈಕಿ ಟಾಂಗ್ರಾದವರಿಗೆ ೧೯೯೬ರಲ್ಲಿ ಸುಪ್ರೀಂ ಕೋರ್ಟು ಕಾರ್ಖಾನೆಗಳನ್ನು ಊರ ಹೊರಗೆ ಒಯ್ಯಿರೆಂದು ಹೇಳಿತು. ತೊಗಲಿನ ಅಂಗಳಗಳಲ್ಲಿ ಕೆಲವು ಊಟದ ಹೋಟೆಲುಗಳಾದವು. ಊಟಕ್ಕೆ ನಾವು ಸಾಲುಗಟ್ಟಿದೆವು.

ಈಗ ಹೇಳಿರಿ, ನಮ್ಮ ದೇಶದ ಚೀನೀ ಊಟಕ್ಕೆ ಇತಿಹಾಸವೆಂಬುದಿದ್ದರೆ ಅದು ಇದಲ್ಲವೆ? ಇದರಲ್ಲಿ ಒಂದು ಸಾಲಾದರೂ ಆ ಸುರುಳಿಯಲ್ಲಿ ಇರಲಿಲ್ಲ. ಗಾಣ ಹಾಕಿದವನ ಚಿತ್ರವಿಲ್ಲ, ತೊಗಲು ತೊಳೆದವರ ಚಿತ್ರವಿಲ್ಲ, ತಂತಿಯ ಬೇಲಿಯ ಹಿಂದೆ ನಿಂತ ಮಕ್ಕಳ ಚಿತ್ರವಿಲ್ಲ. ಅಡುಗೆ ಕೊಟ್ಟವರನ್ನು ಅಳಿಸಿ, ಆ ಅಡುಗೆಯನ್ನು ಕನಸಿನಲ್ಲಿಯೂ ಕಾಣದ ಚಕ್ರವರ್ತಿಯನ್ನು ಕೂರಿಸಿದ್ದಾರೆ. ಸುಳ್ಳು ಹೇಳುವುದು ಒಂದು ತಪ್ಪು. ನಿಜವಾದ ಹಕ್ಕುದಾರನನ್ನು ಎಬ್ಬಿಸಿ ಅವನ ಮಣೆಯ ಮೇಲೆ ಸುಳ್ಳನ್ನು ಕೂರಿಸುವುದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಏಳನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಎಂಬ ಚೀನೀ ಭಿಕ್ಷು ಬೆಟ್ಟ ಮರುಭೂಮಿಗಳನ್ನು ದಾಟಿ ನಮ್ಮ ಪುಲಿಕೇಶಿಯ ನಾಡಿಗೂ ಬಂದಿದ್ದ. ಪುಲಿಕೇಶಿಯ ಬಾದಾಮಿ ಗದಗಿಗೆ ದೂರವೇನಲ್ಲ. ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ಇಲ್ಲಿಯ ಜನರ ಬಗ್ಗೆಯೂ ಬರೆದಿದ್ದಾನೆ. ಅಪಮಾನ ಮಾಡಿದವರನ್ನು ಬಿಡುವುದಿಲ್ಲ, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ ಎಂಬುದು ಅವನ ಮಾತಿನ ಸಾರಾಂಶ. ಶಾಲೆಯಲ್ಲಿ ಇದನ್ನು ಓದಿ ನಾವೆಲ್ಲ ಎದೆಯುಬ್ಬಿಸಿದವರೇ. ಆ ಹೋಟೆಲಿನಲ್ಲಿ ಕುಳಿತಾಗ ನನಗೆ ಆ ಪ್ರಶಸ್ತಿಪತ್ರ ನೆನಪಾಗಿ ಮುಜುಗರವಾಯಿತು. ಉಂಡ ಮನೆಯನ್ನು ಮರೆತವರ ಬಗ್ಗೆ ಅವನು ಇಂದು ಬಂದರೆ ಏನು ಬರೆದಾನು?

ಇಷ್ಟನ್ನು ಓದಿ ನಮ್ಮ ಕಡೆಯ ಸ್ನೇಹಿತರು ಕೆಲವರು ಸಂತೋಷಪಡುತ್ತಿರಬೇಕು. ‘ನೋಡಿದಿರಾ, ಅದಕ್ಕೇ ನಾವು ಹೇಳೂದು, ಪರದೇಶದ್ದು ಯಾಕ ಬೇಕು, ನಮ್ಮ ಊಟನ ನಮಗ ಚಲೋ’ ಎಂದು. ಅವರು ತಡೆಯಬೇಕು. ಅವರ ಪಾಳಿ ಈಗ.

ನಮ್ಮ ಹೆದ್ದಾರಿಗಳ ಮೇಲೂ ಇಂಥ ಅರಮನೆಗಳು ಎದ್ದಿವೆ. ಅಲ್ಲಿ ಇರುವುದು ಚಕ್ರವರ್ತಿಯಲ್ಲ, ನಮ್ಮ ಅಜ್ಜಿ. ಬಾಗಿಲಲ್ಲಿ ಸಿಮೆಂಟಿನ ಎತ್ತು, ಮಾಳಿಗೆಗೆ ತೂಗುಹಾಕಿದ ಚಕ್ಕಡಿಯ ಗಾಲಿ, ಕಂದೀಲು, ಒನಕೆ. ಮೂಲೆಯಲ್ಲಿ ಇಳಕಲ್ಲ ಸೀರೆ ಉಟ್ಟು ಬೀಸುವ ಕಲ್ಲಿನ ಮುಂದೆ ಕುಳಿತ ಗೊಂಬೆ. ಊಟಕ್ಕೆ ಬಂದವರು ಆ ಗೊಂಬೆಯ ಹೆಗಲಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಥದೊಂದು ಹೋಟೆಲಿನಲ್ಲಿ ನಾನು ಕೈ ತೊಳೆಯಲು ದಾರಿ ತಪ್ಪಿ ಹಿತ್ತಲಿಗೆ ಹೋದೆ. ಅಲ್ಲಿ ತಗಡಿನ ಶೆಡ್ಡಿನ ಕೆಳಗೆ ನಾಲ್ಕು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಮೇ ತಿಂಗಳು, ಮೇಲೆ ತಗಡು, ಮುಂದೆ ಒಲೆ. ಒಬ್ಬಾಕೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಈ ಕಡೆ ಬರಬಾರದ್ರಿ ಯಣ್ಣಾ, ಮಾಲಕ್ರು ಬೈತಾರು’ ಎಂದಳು. ಕೂಲಿ ದಿನಕ್ಕಲ್ಲ, ರೊಟ್ಟಿಯ ಲೆಕ್ಕ. ಒಲೆ ಕೆಟ್ಟ ದಿನ ಕೂಲಿಯೂ ಇಲ್ಲ.

ಬೀಸುವ ಗೊಂಬೆಗೆ ಫ್ಯಾನಿತ್ತು. ಬಡಿಯುವ ಹೆಂಗಸಿಗೆ ಇರಲಿಲ್ಲ. ಬೆಂಗಳೂರಿನ ಗೋಡೆಗೂ ನಮ್ಮ ಗೋಡೆಗೂ ಏನು ವ್ಯತ್ಯಾಸ? ಅಲ್ಲಿ ಚಕ್ರವರ್ತಿ ಮುಂದೆ, ತೊಗಲು ತೊಳೆದವನು ಮರೆಯಲ್ಲಿ. ಇಲ್ಲಿ ಗೊಂಬೆ ಮುಂದೆ, ಅವ್ವ ಹಿತ್ತಲಲ್ಲಿ. ‘ನಮ್ಮ ಸಂಸ್ಕೃತಿ’ ಎಂದು ಬೋರ್ಡು ಬರೆಸಿದ ಮಾತ್ರಕ್ಕೆ ಹಿತ್ತಲಿನ ಬಿಸಿಲು ತಣ್ಣಗಾಗುವುದಿಲ್ಲ.

ಇನ್ನು ಶುದ್ಧಿಯ ಮಾತು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ನೋಡಿ ಪೇಟೆಗೆ ಬಂದಾಗ, ಜತೆಗಿದ್ದ ಹಿರಿಯರೊಬ್ಬರು ರಸ್ತೆಯ ಮಗ್ಗುಲಿನ ಗೋಬಿ ಗಾಡಿ ನೋಡಿ ಬಹಳ ನೊಂದುಕೊಂಡರು. ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಯೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು, ಆ ಪುಲಿಗೆರೆಯೇ ಈ ಲಕ್ಷ್ಮೇಶ್ವರ, ಇಂಥ ನೆಲದಲ್ಲಿ ಮಂಚೂರಿಯೆ ಎಂದು. ನಾನು ವಿನಯದಿಂದಲೇ ಕೇಳಿದೆ, ಈಗಷ್ಟೆ ಕೈಮುಗಿದು ಬಂದ ಸೋಮೇಶ್ವರನನ್ನು ಆದಯ್ಯ ಸೌರಾಷ್ಟ್ರದಿಂದ ತಂದನೆಂದಲ್ಲವೆ ಐತಿಹ್ಯ? ದೇವರೇ ಹೊರಗಿನಿಂದ ಬಂದು ಊರಿನವನಾದ ಮೇಲೆ ಹೂಕೋಸಿನದೇನು? ಅದೇ ಊರಿನಲ್ಲಿ ಶಂಖ ಬಸದಿಯಿದೆ, ಆದಿಲಶಾಹಿ ಕಾಲದ ಮಸೀದಿಯಿದೆ. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದ್ದರಿಂದ ಪುಲಿಗೆರೆಯ ಕನ್ನಡ ಕೆಡಲಿಲ್ಲ.

ಶಿರಹಟ್ಟಿಗೆ ಹೋದರಂತೂ ಶುದ್ಧಿಯ ಮಾತನ್ನು ಊರ ಹೊರಗೇ ಇಳಿಸಿ ಹೋಗಬೇಕು. ಅಲ್ಲಿಯ ಮಠದ ಹೆಸರಿನಲ್ಲಿಯೇ ಫಕೀರನೂ ಇದ್ದಾನೆ, ಈಶ್ವರನೂ ಇದ್ದಾನೆ. ಜಾತ್ರೆಯಲ್ಲಿ ಎರಡೂ ಕಡೆಯ ಜನ ಕೂಡಿ ನಡೆಯುತ್ತಾರೆ. ಆ ಜಾತ್ರೆಯ ಸಾಲಿನಲ್ಲಿ ಬೆಂಡು ಬೆತ್ತಾಸು, ಗಿರಮಿಟ್ಟು, ಮಿರ್ಚಿ, ಗೋಬಿ ಎಲ್ಲ ಅಕ್ಕಪಕ್ಕ. ಮಿರ್ಚಿ ನಮ್ಮದು, ಗೋಬಿ ಪರದೇಶದ್ದು ಎನ್ನುವವರಿಗೆ ಮೇಲೆಯೇ ಹೇಳಿದ್ದೇನೆ: ಮೆಣಸಿನಕಾಯಿ ಬಂದದ್ದೂ ಹಡಗಿನಲ್ಲಿಯೇ. ಅದು ನಾಲ್ಕುನೂರು ವರ್ಷ ಮೊದಲು ಇಳಿಯಿತು, ಗೋಬಿ ಆಮೇಲೆ ಇಳಿಯಿತು, ಅಷ್ಟೆ. ನಮ್ಮ ಅಜ್ಜಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಭರಣಿ ಚೀನೀ ಮಣ್ಣಿನದು, ಹಳೆಯ ಕಾವ್ಯಗಳ ರಾಣಿಯರು ಉಡುತ್ತಿದ್ದುದು ಚೀನಾಂಬರ. ಚೀನ ನಮ್ಮ ಮನೆಗೆ ಬೆಂಕಿ ಉಗುಳುವ ಪ್ರಾಣಿಯಿಲ್ಲದೆಯೇ ಬಂದು ಬಹಳ ದಿನವಾಯಿತು.

ಈಗ ಶೀರ್ಷಿಕೆಯಲ್ಲಿ ಹೇಳಿದ ಬಣ್ಣದ ಮಾತಿಗೆ ಬರುತ್ತೇನೆ. ೨೦೨೪ರ ಮಾರ್ಚ್ ೧೧ರಂದು ಕರ್ನಾಟಕದ ಆರೋಗ್ಯ ಸಚಿವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿರುವುದಾಗಿ ಹೇಳಿದರು. ರಾಜ್ಯದ ಬೇರೆ ಬೇರೆ ಕಡೆ ತೆಗೆದ ೧೭೧ ಮಾದರಿಗಳಲ್ಲಿ ೧೦೭ರಲ್ಲಿ ಸಲ್ಲದ ಬಣ್ಣಗಳಿದ್ದವು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂದು ಅವುಗಳ ಹೆಸರು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್–ಬಿ ಅಂತೂ ಬಟ್ಟೆಗೆ ಹಾಕುವ ಬಣ್ಣ. ಕಾನೂನು ಮೀರಿದರೆ ಏಳು ವರ್ಷಗಳವರೆಗೆ ಜೈಲು, ಹತ್ತು ಲಕ್ಷ ರೂಪಾಯಿಯವರೆಗೆ ದಂಡ.

ನಾನು ಈ ನಿಷೇಧದ ಪರವಾಗಿದ್ದೇನೆ. ಮಕ್ಕಳ ಹೊಟ್ಟೆಗೆ ಬಟ್ಟೆಯ ಬಣ್ಣ ಹೋಗಬಾರದು. ಆದರೆ ಆ ವಾರ ಬೈಗುಳ ಬಿದ್ದದ್ದೆಲ್ಲ ತಳ್ಳುಗಾಡಿಯವರಿಗೆ. ಗಾಡಿಯವನು ಮೋಸಗಾರ, ಗಾಡಿಯವನು ವಿಷ ಹಾಕುವವನು. ೬೪ ಮಾದರಿಗಳು ಸರಿಯಾಗಿದ್ದವು ಎಂಬುದನ್ನು ಯಾರೂ ದೊಡ್ಡ ದನಿಯಲ್ಲಿ ಹೇಳಲಿಲ್ಲ. ಗಾಡಿಯವನು ಬಣ್ಣ ಹಾಕಿದ್ದೇಕೆ? ಹೂಕೋಸು ಇದ್ದದ್ದಕ್ಕಿಂತ ಬೇರೆಯಾಗಿ ಕಾಣಲಿ, ಗಿರಾಕಿ ನಿಲ್ಲಲಿ ಎಂದು. ದೊಡ್ಡ ಹೋಟೆಲಿನವನು ಗೋಡೆಗೆ ಚಕ್ರವರ್ತಿಯನ್ನು ಬಳಿದದ್ದೇಕೆ? ಅದಕ್ಕೇ. ಒಬ್ಬನು ಗೋಬಿಗೆ ಬಳಿದ, ಇನ್ನೊಬ್ಬನು ಗೋಡೆಗೆ ಬಳಿದ. ಒಬ್ಬನದು ಹೊಟ್ಟೆಗೆ ಹೋಗುತ್ತದೆ, ಇನ್ನೊಬ್ಬನದು ತಲೆಗೆ ಹೋಗುತ್ತದೆ. ಹೊಟ್ಟೆಗೆ ಹೋಗುವುದರ ಮಾದರಿ ತೆಗೆಯಲು ಅಧಿಕಾರಿ ಇದ್ದಾನೆ, ಪ್ರಯೋಗಾಲಯವಿದೆ. ತಲೆಗೆ ಹೋಗುವುದರ ಮಾದರಿ ತೆಗೆಯುವವರು ನಾವೇ, ತಿನ್ನಲು ಹೋದವರು. ನಾವು ಮಾತ್ರ ಫೋಟೋ ತೆಗೆಯುತ್ತಿದ್ದೇವೆ.

‘ಮಾಮಾ, ಮಂದಿ ಖುಷಿಗೆ ಊಟಕ್ಕ ಹೋಗ್ತಾರ. ಅಲ್ಲೂ ಇತಿಹಾಸದ ಮಾಸ್ತರಿಕಿ ಯಾಕ?’ ಎಂದು ತಂಗಿಯ ಮಗ ಅಂದು ನನ್ನನ್ನು ಗದರಿಸಿದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಾಸ್ತರಿಕೆ ಮೊದಲು ಮಾಡಿದವನು ನಾನಲ್ಲ, ಆ ಸುರುಳಿ. ಇತಿಹಾಸ ಬೇಡವಾದರೆ ಬರಿಯ ಗೋಡೆಗೆ ಸುಣ್ಣ ಹೊಡೆದು ಊಟ ಹಾಕಲಿ, ನನ್ನ ತಕರಾರಿಲ್ಲ. ನಮ್ಮ ಖಾನಾವಳಿಗಳು ಹಾಗೇ ಎಷ್ಟೋ ತಲೆಮಾರು ಊಟ ಹಾಕಿವೆ. ಇತಿಹಾಸ ಬೇಕೇ ಬೇಕೆಂದರೆ ನಿಜವಾದದ್ದನ್ನು ಹಾಕಲಿ. ನಾಲ್ಕು ಸಾಲು ಸಾಕು: ಈ ತಿಂಡಿಯನ್ನು ಮುಂಬಯಿಯಲ್ಲಿ ಮಾಡಿದವರು ಇಂಥವರು, ಈ ನೂಡಲ್ಸು ಟಾಂಗ್ರಾದ ಹಕ್ಕಾ ಜನರದು, ೧೯೬೨ರಲ್ಲಿ ಅವರಂಥವರಿಗೆ ಹೀಗಾಯಿತು, ಇಂದು ನಿಮಗೆ ಬಡಿಸುವ ಹುಡುಗ ಮಣಿಪುರದವನು. ಹೀಗೆ ಬರೆದರೆ ಊಟದ ರುಚಿ ಕಡಿಮೆಯಾಗುತ್ತದೆನ್ನುವವರು ಬಹುಶಃ ಹಸಿದು ಬಂದವರಲ್ಲ. ಜೊತೆಗೆ ಆ ಹುಡುಗನಿಗೆ ಅವನದೇ ಅಂಗಿ ತೊಡಲು ಬಿಡಲಿ.

ಬಿಲ್ಲು ಕೊಟ್ಟು ಏಳುವಾಗ ಅಭಿಪ್ರಾಯ ಬರೆಯಲು ಒಂದು ಚೀಟಿ ಕೊಟ್ಟರು. ಊಟ, ಸೇವೆ, ವಾತಾವರಣ ಎಂದು ಮೂರು ಸಾಲು. ಊಟ ಚೆನ್ನಾಗಿತ್ತು, ಬಡಿಸಿದ ಹುಡುಗ ಒಳ್ಳೆಯವನು ಎಂದು ಬರೆದೆ. ಮೂರನೆಯದರ ಮುಂದೆ, ‘ಸಮಾಧಿಯ ಕಾವಲುಗಾರರನ್ನು ಮನೆಗೆ ಕಳಿಸಿರಿ’ ಎಂದು ಕನ್ನಡದಲ್ಲಿ ಬರೆದೆ. ಯಾರಾದರೂ ಓದಿದರೋ ಇಲ್ಲವೋ.

ಆಮೇಲೆ ಕೆಲವು ದಿನಕ್ಕೆ ಮುಂಡರಗಿಗೆ ಹೋಗುವುದಿತ್ತು. ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ಒಂದು ಗೋಬಿ ಗಾಡಿ ಕಂಡಿತು. ಹಲಗೆಯ ಮೇಲೆ ಸುಣ್ಣದಕಡ್ಡಿಯಿಂದ ‘ಬಣ್ಣ ಹಾಕಿರುವುದಿಲ್ಲ’ ಎಂದು ಬರೆದಿತ್ತು. ಗಾಡಿಯ ಮುಂದೆ ಇದ್ದವನು ನಾನೊಬ್ಬನೇ. ವ್ಯಾಪಾರ ಹೇಗಿದೆ ಎಂದು ಕೇಳಿದೆ.

‘ಬಣ್ಣ ಬಿಟ್ಟಾಗಿಂದ ಗಿರಾಕಿ ಕಡಿಮಿ ಆಗ್ಯಾರ್ರಿ ಸರ. ಕೆಂಪ ಇಲ್ಲಂದ್ರ ನಿನ್ನಿ ಮಾಲು ಅಂತಾರು. ಮಂದಿ ಮೊದಲ ಕಣ್ಣೀಲೆ ತಿಂತಾರ್ರಿ, ಆಮ್ಯಾಲೆ ಬಾಯೀಲೆ.’

‘ಮತ್ತ ಹಾಕಬೇಕು ಅನಸಲಿಲ್ಲೇನು?’

‘ಅನಸ್ತದ್ರಿ. ಸುಳ್ಳ್ಯಾಕ ಹೇಳ್ಲಿ? ಆದ್ರ ಸಾಲಿ ಬಿಟ್ಟಮ್ಯಾಲೆ ನನ್ನ ಮಗಳೂ ಇಲ್ಲೇ ಬಂದು ತಿಂತಾಳ್ರಿ.’ ಆಮೇಲೆ ಗಾಡಿಯ ಕೆಳಗಿನಿಂದ ಒಂದು ಡಬ್ಬಿ ತೆಗೆದು ತೋರಿಸಿದ. ‘ಈಗ ಬ್ಯಾಡಗಿ ಪುಡಿ ಹಾಕ್ತೀನ್ರಿ. ತುಟ್ಟಿ ಬೀಳ್ತದ. ಅಷ್ಟ ಕೆಂಪ ಆಗೂದಿಲ್ಲ, ಆದ್ರ ನಮ್ಮದ ಐತಿ.’

ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಹೆಸರು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಮ್ಮ ಜಿಲ್ಲೆಯ ಎರೆಹೊಲಗಳಲ್ಲಿಯೇ ಬೆಳೆಯುತ್ತದೆ. ಅವನು ಹಾಳೆಯ ಮೇಲೆ ಕೊಟ್ಟ ಗೋಬಿ ಇಟ್ಟಂಗಿಯ ಬಣ್ಣಕ್ಕಿತ್ತು. ಅಂಚಿನಲ್ಲಿ ಅಲ್ಲಲ್ಲಿ ಹೂಕೋಸಿನ ಬಿಳುಪು ಕಾಣುತ್ತಿತ್ತು. ಬಿಸಿಯಾಗಿತ್ತು, ಬೆಳ್ಳುಳ್ಳಿ ಮುಂದಾಗಿತ್ತು. ೪೦ ರೂಪಾಯಿ.

ತಿನ್ನುತ್ತಿರುವಾಗ ಅವನೇ ಕೇಳಿದ. ‘ಸರ, ನೀವು ಓದಿದವರು ಕಾಣ್ತೀರಿ. ಚೀನಾದಾಗ ಇದನ್ನ ಹೆಂಗ ಮಾಡ್ತಾರ್ರಿ?’

‘ಅಲ್ಲಿ ಮಾಡಂಗಿಲ್ಲಪಾ’ ಎಂದೆ. ‘ಅವರಿಗೆ ಗೊತ್ತ ಇಲ್ಲ. ಇದು ನಿಂದ.’

ಅವನು ನಂಬಲಿಲ್ಲ. ನಕ್ಕು, ಇನ್ನೆರಡು ತುಣುಕು ಹಾಳೆಗೆ ಹಾಕಿದ.